ಒಣ ಬೆರಳು

ಪ್ರಯೋಗಶಾಲೆಯ ಕೀಲಿಕೈ ಇಪ್ಪತ್ತಾರು ವರ್ಷ ನನ್ನ ಸೊಂಟದಲ್ಲಿತ್ತು.
ಕಪಾಟಿನ ಮೂರನೇ ಹಲಗೆಯಲ್ಲಿ ಒಂದು ಕಂದು ಶೀಷೆ,
ಚೀಟಿ ಗೆದ್ದಲಿಗೆ ಹೋಗಿ
‘ಪೋಡಿಯಂ’ ಅಂತ ಬಾಲ ಮಾತ್ರ ಉಳಿದಿತ್ತು.
ವರ್ಷಕ್ಕೊಮ್ಮೆ ಮೇಷ್ಟ್ರು ಚಿಟಿಕೆ ಹುಡಿ ದೀಪದ ಮೇಲೆ ಊದುವರು,
ಭಗ್ಗೆಂದು ಹಳದಿ ಬೆಂಕಿ, ಮಕ್ಕಳ ಹೋ,
ಮತ್ತೆ ಬೀಗ.

ಶೀಷೆ ಬರಿದಾದ ವರ್ಷ
ಪ್ರಜಿಷ ಪುಸ್ತಕದ ಚಿತ್ರಕ್ಕೆ ಬೆರಳಿಟ್ಟಳು:
ಇದು ನಮ್ಮ ಸುರಂಗದ ಬಾಯಲ್ಲಿ ಉಂಟು.

ಭಾನುವಾರ ಕಾಟುಕುಕ್ಕೆಗೆ ಹೋದೆ.
ಮುರಕಲ್ಲು ಕಡಿದ ಬರೆ, ಗುಡ್ಡೆ ಬೆವರುವ ಜಾಗ,
ಹುಲ್ಲೂ ಒಲ್ಲೆನೆಂದ ಹುಳಿಮಣ್ಣು.
ಅಲ್ಲಿ ಗೇಣೆತ್ತರದ ಗಾಳಿಮರದ ತೋಪು,
ಇರುವೆಗಳಿಗೆಂದು ಯಾರೋ ನೆಟ್ಟ ಹಾಗೆ.
ಕೊಂಬೆ ಕೊಂಬೆಯ ತುದಿಗೆ ತಲೆಬಾಗಿದ ತೆನೆ, ಭತ್ತದಷ್ಟು.
ಹೂವಿಲ್ಲ. ಬೀಜವಿಲ್ಲ.

ಹೆಸರೇನು, ಕೇಳಿದೆ.
ಕುಂಞಂಬು ಬೆಳ್ಚಪ್ಪಾಡ ಮಲಯಾಳದಲ್ಲಿ ಯೋಚಿಸಿದ,
ತುಳುವಿನಲ್ಲಿ ತಲೆ ಕೆರೆದ,
ಕನ್ನಡದಲ್ಲಿ ಹೇಳಿದ:
ಹೆಸರಿಡುವಷ್ಟು ಉಪದ್ರ ಅದು ಯಾರಿಗೂ ಕೊಡಲಿಲ್ಲ.
ಅದು ಹಸಿರಿದ್ದರೆ ಬರೆ ಒಣಗಿಲ್ಲ, ಅಷ್ಟೇ ಲೆಕ್ಕ.

ಚಿಪ್ಪಿನಲ್ಲಿ ತಂದ ಬುಡ ಹದಿನೆಂಟನೇ ದಿನ ಕಂದಿತು.
ಅದೇ ಮಣ್ಣು ಹಾಕಿದ್ದೆ, ಅದೇ ನೀರು ಕೂಡ.
ಮಣ್ಣೊಳಗಿನ ಅಣಬೆಯ ನೂಲಿಗೂ ಅದಕ್ಕೂ ಏನೋ ಕರಾರಂತೆ,
ನನ್ನ ರುಜು ಅಲ್ಲಿ ನಡೆಯುವುದಿಲ್ಲ.

ಫೆಬ್ರವರಿಯಲ್ಲಿ ಮೂವರೂ ಕೂತು
ಹಳೇ ಪ್ರಶ್ನೆಪತ್ರಿಕೆಯ ಮೇಲೆ ತೆನೆ ಕೊಡವಿದೆವು.
ಮಧ್ಯಾಹ್ನದ ಹೊತ್ತಿಗೆ
ಬೆಂಕಿಪೆಟ್ಟಿಗೆಯ ತಳ ಮುಚ್ಚುವಷ್ಟು ಹುಡಿ.
ಮಾತ್ರೆ ಒಂದಕ್ಕೊಂದು ಅಂಟದಂತೆ ಇದರಲ್ಲಿ ಹೊರಳಿಸುತ್ತಿದ್ದರು,
ಮಕ್ಕಳ ತೊಡೆಸಂದಿಗೆ ಹಚ್ಚುತ್ತಿದ್ದರು,
ನಿನ್ನ ಕೆಸರುಹುಣ್ಣಿಗೂ ಆದೀತು ಎಂದೆ.
ಅವನು ತನ್ನ ಕಾಲ್ಬೆರಳು ನೋಡಿದ, ನನ್ನನ್ನಲ್ಲ.

ಹುಡುಗಿ ಲೋಟದ ನೀರಿಗೆ ಹುಡಿ ಉದುರಿಸಿ
ಅಜ್ಜನ ತೋರುಬೆರಳು ಹಿಡಿದು ಅದ್ದಿದಳು.
ಒಳಗೆ ಅದು ಬೆಳ್ಳಿಯಂತೆ ಹೊಳೆಯಿತು.
ಹೊರಗೆ ಬಂತು,
ಒಣ.

ಅವನು ನಗಲಿಲ್ಲ.
ಮೇಣದಬತ್ತಿ ಕುಂದಿದರೆ ಹಿಂದೆ ಸರಿದು,
ಮರುದಿನ ಮತ್ತೆ ನುಗ್ಗಿ,
ಗುಡ್ಡೆಯ ಹೊಟ್ಟೆಯಲ್ಲಿ ನೂರಿಪ್ಪತ್ತು ಕೋಲು ಒಳಗೆ
ಕಲ್ಲನ್ನೊತ್ತಿ
‘ಇನ್ನು ಮೂರು ಕೋಲು, ನೀರುಂಟು’ ಎಂದದ್ದು
ಇದೇ ಬೆರಳು.
ಪಂಚೆಗೆ ಉಜ್ಜಿದ. ಮತ್ತೂ ಉಜ್ಜಿದ.
ತೊಟ್ಟಿಗೆ ನಡೆದು ಮೊಣಕೈವರೆಗೆ ಅದ್ದಿ
ಬಹಳ ಹೊತ್ತು ಬಗ್ಗಿಯೇ ನಿಂತ.
ಹಾಂ, ಈಗ ಸರಿ, ಎಂದ, ನೀರಿಗೆ.

ಪೆಟ್ಟಿಗೆ ಕಪಾಟಿನ ಮೂರನೇ ಹಲಗೆಯಲ್ಲಿದೆ.
ಪ್ರಜಿಷ ಚೀಟಿ ಅಂಟಿಸಿದ್ದಾಳೆ:
ಕಾಟುಕುಕ್ಕೆ, ಸುರಂಗದ ಬಾಯಿ, ಎಡಬದಿ.
ಹೆಸರಿನ ಗೆರೆ ಖಾಲಿ ಬಿಟ್ಟಿದ್ದಾಳೆ.
ಈ ವರ್ಷ ಮೇಷ್ಟ್ರು ಊದಲು ಕೇಳಿದರೆ
ಕೀಲಿಕೈ ಮನೆಯಲ್ಲಿ ಮರೆತೆ ಎನ್ನುವೆ.