ಒಂದು ಬಿಲ್ಲೆ ಕಡಿಮೆ

ವಾರದ ಆರು ದಿನ ನಾನು ಹಟ್ಟಿ ಗಣಿಯ ಟೈಮಾಫೀಸಿನವನು.
ಸೈರನ್ನು ಕೂಗುತ್ತದೆ, ನಾನು ಬರೆಯುತ್ತೇನೆ.
ಏಳನೇ ದಿನ ಬೇಸ್‌ಬಾಲಿನ ಸ್ಕೋರು ಬರೆಯಲು ಕೂರುತ್ತೇನೆ,
ಗಡಿಯಾರವೇ ಇಲ್ಲದ ಆಟ,
ಕೈಗಡಿಯಾರ ಬಿಚ್ಚಿ ಕಿಸೆಗಿಟ್ಟು.

"ಯಾವಾಗ ಮುಗೀತದರೀ ಇದು?"
ಚಹಾದ ಖಾಜಾಬಿ ಪ್ರತಿಸಲ ಕೇಳುತ್ತಾಳೆ.
ಮುಗಿದಾಗ, ಅನ್ನುತ್ತೇನೆ. ಕುಶಾಲಲ್ಲ, ನಿಯಮವೇ ಹಾಗೆ:
ಕಡೆಯ ಮನುಷ್ಯ ಔಟಾಗುವ ತನಕ
ಯಾರಿಗೂ ಸೀಟಿ ಊದುವ ಹಕ್ಕಿಲ್ಲ.

ಆವತ್ತು ಸಿಂಧನೂರಿನವರು ನಾಲ್ಕು, ನಾವೂ ನಾಲ್ಕು.
ಏಳನೆಯದರ ಕೆಳಗಿನರ್ಧ, ಇಬ್ಬರು ಔಟು,
ಮೂರನೇ ಬೇಸಿನಲ್ಲಿ ಯಂಕೋಬ, ಬಾಯಿಬಿಟ್ಟ ಶೂ.
ಹುಸೇನಪ್ಪ ಬೀಸಿದ.
ಚೆಂಡು ಹೊರಗಿನಿಬ್ಬರ ಮಧ್ಯೆ ಬಿದ್ದು
ಗಣಿ ಕಕ್ಕಿದ ಬೂದು ದಿಬ್ಬದ ಕಡೆ ಉರುಳಿತು.
ಯಂಕೋಬ ಮನೆ ಮುಟ್ಟಿದ
(ಹೋಮ್ ಪ್ಲೇಟಿಗೆ ನಾವು ಹಾಗೇ ಅನ್ನುವುದು).
ಐದು ಅಂತ ಬರೆದೇಬಿಟ್ಟೆ, ಪೆನ್ಸಿಲ್ಲೊತ್ತಿ.
ಕಡೆಯ ಪಾಳಿಯವರಿಗೆ ಗೆಲ್ಲಲು ಒಂದೇ ಸಾಕು;
ಅದು ಬಂದ ಗಳಿಗೆಗೇ ಆಟ ಕಡಿದುಬೀಳುತ್ತದೆ,
ಉಳಿದ ಓಟ ಉಳಿದಲ್ಲೇ.

ಹುಸೇನಪ್ಪನಿಗೆ ಅಷ್ಟೇ ಗೊತ್ತಿತ್ತು.
ಅರ್ಧ ದಾರಿಗೆ ನಿಂತ, ತಿರುಗಿದ, ಟೋಪಿ ಮೇಲಕ್ಕೆಸೆದ.
ಹುಡುಗರು ಎತ್ತಿಕೊಂಡರು.
ಇಡೀ ಮೈದಾನದಲ್ಲಿ ಇನ್ನೂ ಆಡುತ್ತಿದ್ದವನು ಒಬ್ಬನೇ,
ಆರ್.ಎಚ್. ಕ್ಯಾಂಪಿನ ನಿತಾಯ್, ಮೊದಲ ಬೇಸಿನವನು,
ಬಂಗಾಳಿ ಬೆರೆತ ಕನ್ನಡದಲ್ಲಿ
"ಚೆಂಡು ಕೊಡ್ರಿ, ಚೆಂಡು" ಅಂತ ದೂರಕ್ಕೆ ಕೈಚಾಚಿ.
ಬಂತು. ತುದಿಗಾಲಲ್ಲಿ ಬೇಸು ಮುಟ್ಟಿದ,
ಅಂಪೈರ್ ಸಾಬಣ್ಣ ಮಾಸ್ತರರನ್ನು ನೋಡಿದ.

ಮಾಸ್ತರರ ಮುಷ್ಟಿ ಮೇಲೆದ್ದಿತು. ನಮ್ಮೂರಿನವರೇ, ಆದರೂ.
"ಹೊಡದಾಂವ ಮೊದಲ್ನೇದು ಮುಟ್ಟಿಲ್ಲಂದ್ರ
ಇಂವ ಮನಿ ಮುಟ್ಟಿದ್ದೂ ಮುಟ್ಟಿಲ್ಲ."
ಜನ ಬೈದರು. ನಾನು ಬೈಯಲಿಲ್ಲ.

ನನಗೆ ಬಿಲ್ಲೆಯ ಹಲಗೆ ಗೊತ್ತು.
ಇಳಿಯುವಾಗ ಪ್ರತಿಯೊಬ್ಬನೂ ಒಂದು ಹಿತ್ತಾಳೆ ಬಿಲ್ಲೆ ಒಯ್ಯುತ್ತಾನೆ,
ಮೇಲೆ ಬಂದು ಮೊಳೆಗೆ ಹಾಕುತ್ತಾನೆ.
ಸೈರನ್ ಕೂಗಿರಲಿ, ಬಸ್ಸು ತುಂಬಿರಲಿ,
ಒಂದು ಮೊಳೆ ಬರಿದಿದ್ದರೆ ಪಾಳಿ ಮುಗಿದಿಲ್ಲ.
ಒಮ್ಮೆ ಮುನ್ನೂರ ಹದಿನೇಳನೇ ಮೊಳೆಯನ್ನು
ಬೆಳಗಿನ ತನಕ ನೋಡುತ್ತ ಕೂತಿದ್ದೆ.
ಹುಡುಕಲಿಳಿದವರು ಹನ್ನೊಂದು ಮಂದಿ.
ಆತ ಮನೆಯಲ್ಲಿ ಮಲಗಿದ್ದ, ಬಿಲ್ಲೆ ಅಂಗಿಯ ಕಿಸೆಯಲ್ಲಿ.

ಐದನ್ನು ಅಳಿಸಿದೆ. ಹಾಳೆ ತೂತಾಯಿತು.
ತೂತಿನೊಳಗೆ ಮುಂದಿನ ಹಾಳೆ,
ಇನ್ನೂ ಆಡದ ಯಾವುದೋ ಪಂದ್ಯದ ಖಾಲಿ ಚೌಕ.
ಎಂಟನೆಯದರಲ್ಲಿ ಸಿಂಧನೂರಿಗೆ ಎರಡು, ನಮಗೆ ಸೊನ್ನೆ.
ಖಾಜಾಬಿ ಒಲೆ ಆರಿಸಿದಳು.

ಸೋಮವಾರ ನಸುಕಿಗೆ ರಾತ್ರಿಪಾಳಿಯ ಕೇಜು ಮೇಲೆ ಬಂತು.
ಹುಸೇನಪ್ಪ ಬಿಲ್ಲೆ ಹಾಕಿದ, ನನ್ನ ಮುಖ ನೋಡಲಿಲ್ಲ.
ಗೇಟಿನ ತನಕ ಹೋದವನು
ತಿರುಗಿ ಬಂದು, ಅದನ್ನೊಮ್ಮೆ ಮುಟ್ಟಿ, ಹೋದ.