ಹನ್ನೊಂದನೇ ಡ್ರಾಯರು

ಸೆಲೆಸ್ತಿನ್ ಕ್ರಾಸ್ತಾ ನಿವೃತ್ತರಾದ ದಿನ
ಕೀಲಿಗೊಂಚಲು ಕೈಗಿಟ್ಟು ಹೇಳಿದ್ದು ಇಷ್ಟೆ:
‘ನುಸಿಗುಳಿಗೆ ತಿಂಗಳಿಗೊಮ್ಮೆ, ಆಟಿಯಲ್ಲಿ ವಾರಕ್ಕೊಮ್ಮೆ.
ಹನ್ನೊಂದನೇ ಡ್ರಾಯರು ಸ್ವಲ್ಪ ಬಿಗಿ ಉಂಟು.
ಎಳೆಯಬಾರದು ಮಾರಾಯ್ತಿ, ಕೇಳಬೇಕು.’

ಕೇಳಿದೆ. ಬಂತು.
ಗಾಜಿನಡಿ, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ
ಒಂದು ಹಾತೆ. ಅಂಗೈಯ ಅರ್ಧವೂ ಇಲ್ಲ.
ಪಾಚಿಹಸಿರು ರೆಕ್ಕೆ, ಕಪ್ಪು ಗೀಟು, ಬಿಳಿಯ ಅಂಚು;
ಮಸಾಲೆ ಡಬ್ಬಿಯ ಕಲ್ಲುಹೂವಿಗೆ
ಯಾರೋ ಆರು ಕಾಲು ಕೊಟ್ಟ ಹಾಗೆ.

ಚೀಟಿಯ ಮೇಲೆ ಇರುವೆಸಾಲು, ಯಾವನೋ ಪಾದ್ರಿಯ ಕೈ:
ಅಕ್ಟೋಬರ್ ಒಂಬತ್ತು. ಓಕ್ ಮರದ ಕಾಂಡ. ಚಳಿ.
ಇಸವಿಯನ್ನು ಹುಳ ತಿಂದಿದೆ.

ಓಕ್ ನಾನು ಕಂಡಿಲ್ಲ. ಈ ಕಪಾಟು ಹಲಸಿನದು.
ಮೇಲಿನ ಶೆಲ್ಫಿನ ದಪ್ಪ ಪುಸ್ತಕ ಹೇಳುತ್ತದೆ:
ಚಳಿಗಾಲವಿಡೀ ಕೊಂಬೆಯ ಮೇಲೆ ಮೊಟ್ಟೆ,
ಮೊಗ್ಗು ಉಬ್ಬಿದ ದಿನ ಮರಿ ಒಳಗೆ ನುಗ್ಗಿ ಊಟ,
ಬೆಳೆದ ಮೇಲೆ ಹಗಲೆಲ್ಲ ತೊಗಟೆಯ ಬಿರುಕಲ್ಲಿ ಮಲಗಿ
ರಾತ್ರಿ ಎಲೆ; ಆಮೇಲೆ ಬುಡದ ಮಣ್ಣು.
ಎಲೆ ಉದುರಿ, ಊರೆಲ್ಲ ಬಾಗಿಲು ಹಾಕುವ ಹೊತ್ತಿಗೆ
ಇದರ ಅಂಗಡಿ ತೆರೆಯುತ್ತದೆ.
ಗೋಡೆಗೆ ಹಬ್ಬಿದ ಐವಿಯ ಹೂವಲ್ಲಿ ಜೇನು ಹೀರಿ
ಕಲ್ಲುಹೂ ಹಿಡಿದ ತೊಗಟೆಗೆ ಒತ್ತಿ ಕೂತರೆ
ಹಕ್ಕಿಗೂ ಸಿಗದಂತೆ, ಇಲ್ಲ.

ಬಾವುಟಗುಡ್ಡೆಯಲ್ಲಿ ಅಕ್ಟೋಬರ್ ಅಂದರೆ ಬೆವರು.
ನಮಗೆ ಎಲೆ ಕೆಂಪಾಗುವುದು ಬಸ್‌ಸ್ಟ್ಯಾಂಡಿನ
ಒಂದೇ ಒಂದು ಕಾಡುಬಾದಾಮಿಗೆ, ಅದೂ ಜನವರಿಯಲ್ಲಿ,
ಕಸದವರ ಬೈಗುಳದೊಂದಿಗೆ.

ಈ ಸಲ ಆಟಿಯಲ್ಲಿ ಮೂರು ದಿನ ಕರೆಂಟಿಲ್ಲ.
ಕಪಾಟು ಬೆವರಿತು. ನಾನು ಜ್ವರದಲ್ಲಿದ್ದೆ.
ಬಂದು ಕೇಳಿದೆ, ಡ್ರಾಯರು ಒಲ್ಲೆ ಅಂದಿತು,
ಕೊನೆಗೆ ಎಳೆದೇ ಎಳೆದೆ.

ಎಡರೆಕ್ಕೆಯ ಮೇಲೆ ಬೂಷ್ಟು.
ಹಸಿರಿಗೆ ಹಸಿರು, ಬಿಳಿಗೆ ಬಿಳಿ.
ಭೂತಗನ್ನಡಿ ಹಿಡಿದು ಒಂದು ತಾಸು ನೋಡಿದರೂ
ಹಾತೆ ಎಲ್ಲಿ ಮುಗಿದು ಬೂಷ್ಟು ಎಲ್ಲಿ ಶುರು, ತಿಳಿಯಲಿಲ್ಲ.
ಅಷ್ಟು ವರ್ಷ ವೇಷ ಕಟ್ಟಿ ಕಾದದ್ದಕ್ಕೆ
ವೇಷವೇ ಹುಡುಕಿಕೊಂಡು ಬಂದಿತ್ತು, ಕಡಲು ದಾಟಿದ ಊರಲ್ಲಿ.

ಫೋನು ಮಾಡಿದೆ. ‘ಸ್ಪಿರಿಟು, ಸಪೂರ ಕುಂಚ,’ ಎಂದರು ಸೆಲೆಸ್ತಿನ್.
ಸ್ವಲ್ಪ ಹೊತ್ತು ಬಿಟ್ಟು, ‘ತುಂಬಾ ಉಜ್ಜಬೇಡ.’

ಉಜ್ಜಿದೆ. ತುದಿಯಲ್ಲಿ ಸಾಸಿವೆಯಷ್ಟು ಬಿಟ್ಟೆ,
ಅದು ಅದರದ್ದೇ ಇರಬಹುದು.
ರಿಜಿಸ್ಟರಿನ ‘ವಾಸ’ ಎಂಬ ಮನೆಯಲ್ಲಿ
ಶಾಯಿಯ ‘ಓಕ್’ ಪಕ್ಕ ಪೆನ್ಸಿಲಿನಿಂದ ಬರೆದೆ:
ಹಲಸು ಕೂಡ.

ಸಂಜೆ ಬಸ್ಸಿನಲ್ಲಿ ನನ್ನ ಸೀರೆಯ ನುಸಿಗುಳಿಗೆ ವಾಸನೆಗೆ
ಪಕ್ಕದಾಕೆ ಮೂಗು ಮುಚ್ಚಿಕೊಂಡು, ಕಿಟಕಿ ತೆಗೆದಳು.
ಮಳೆ ಒಳಗೆ ಬಂತು.