ಬೂದಿ ಬಣ್ಣದ ಡಬ್ಬಿ

ಖಡೇಬಜಾರದಾಗ ಆ ಅಂಗಡಿ ಈಗಿಲ್ಲ,
ಅಲ್ಲೀಗ ಮೊಬೈಲಿನ ಕವರು ಮಾರತಾರ.
ಆದರೂ ಆ ಕಟ್ಟಿ ಮುಂದ ಹಾದಾಗೊಮ್ಮೆ
ನನ್ನ ಬೆರಳು ತಾನ ಎದ್ದು
ಬೂದಿ ಬಣ್ಣದ ಡಬ್ಬಿ ತೋರಸತೈತಿ.

ಅಪ್ಪನ ಕಿಸೇದಾಗ ಎಂಟನೂರು ರೂಪಾಯಿ,
ವಡಗಾವಿ ಮಗ್ಗದ ಧೂಳು ಇನ್ನೂ ನೋಟಿಗೆ ಹತ್ತಿತ್ತು.
ಶೇಠ ಎರಡು ಡಬ್ಬಿ ಮುಂದಿಟ್ಟ. ಬೆಲೆ ಒಂದ.
ಕರೇದು ಹಳೇ ಮಾಲು, ವಾಸ್ಕೋದ ಯಾವನೋ ಖಲಾಸಿ ಮಾರಿದ್ದು,
ಮೂಲಿ ಹರದ ಪೆಟಗಿ, ಒಂದ ಆಟ.
ಬೂದಿ ಬಣ್ಣದ್ದು ಕೋರಾ,
ಜೋಡಿಗೆ ಕೆಂಪು ಬಂದೂಕು,
ಮ್ಯಾಲ ಬರದಿತ್ತು: ಒಂದು ಲಕ್ಷ ಆಟ.

ಹನ್ನೊಂದು ವರ್ಷದವ ಲಕ್ಷ ಬಿಟ್ಟು
ಒಂದು ಆರಿಸತಾನೇನು?

ಮನೀಗೆ ಬಂದು ಎಣಿಸಿದರ ಹದಿಮೂರು.
ಉಳದದ್ದೆಲ್ಲಾ ಅವ ಹದಿಮೂರು,
ಬ್ಯಾರೆ ಹೆಸರು, ಬ್ಯಾರೆ ಬಣ್ಣದ ಆಕಾಶ.
ಮಗ್ಗ ಚಾಲೂ ಆದಕೂಡಲೆ ವೋಲ್ಟೇಜು ಬಿದ್ದು
ನನ್ನ ಸಿಪಾಯಿ ಜಿಗಿಯೂ ಹೊತ್ತಿಗೆ
ಟೀವಿ ತುಂಬ ಅಡ್ಡಗೆರಿ,
ಅಪ್ಪ ನೇಯೂ ಸೀರಿ ಅಂಚಿನಂಗ.

ಮರುದಿನ ಆ ಕರೇದನ್ನ ಭರತೇಶ ಚೌಗುಲೆ ಒಯ್ದ.
ಅವರ ಮನಿ ಟೀವ್ಯಾಗ ನೀರಿಗೆ ಆಳ ಇತ್ತು,
ಹುಲ್ಲು ಅಳ್ಳಾಡತಿತ್ತು,
ಗುಡ್ಡದ ಹಿಂದ ಇನ್ನೊಂದು ಗುಡ್ಡ ಸಾವಕಾಶ ಸರೀತಿತ್ತು.
ಬಾಗಲದಾಗ ಚಪ್ಪಲಿ ಬಿಟ್ಟು ನಿಂತು ನೋಡಿದೆ.
ಒಳಗ ಬಾ ಅಂದರೂ ಹೋಗಲಿಲ್ಲ.

ಮುಂದ ಉದ್ಯಮಬಾಗದ ಫೌಂಡ್ರಿಯ ಮೊದಲ ಪಗಾರ.
ಈ ಸಲ ಮೂರು ಮಂದೀನ ಕೇಳಿದೆ, ಕಾಗದದ ಮ್ಯಾಲ ಲೆಕ್ಕಾ ಹಾಕಿದೆ,
ಬಿಳೇ ಸೀಡಿ ಮಶೀನು ತಂದೆ.
ವರ್ಷ ತುಂಬೂದರಾಗ ಕಂಪನಿಯವರು ಅದನ್ನ ನಿಲ್ಲಿಸಿಬಿಟ್ಟರು.
‘ಇವನ ಕೈಲೆ ಜಾಗಾ ಗೀಗಾ ಕೊಳ್ಳಸಬ್ಯಾಡ್ರಿ,’ ಅಂದಳು ಅವ್ವ,
ಎಲ್ಲಾರೂ ನಕ್ಕರು. ನಾನೂ.
ಸಂಡಗಿ ಒಣ ಹಾಕಾಕ ಅದರ ಪೆಟಗಿ ಛಲೋ ಆತು.

ಹೋದ ತಿಂಗಳ ಶನಿವಾರ ಕೂಟದ ಮೋಡಕಾದಾಗ
ಮಿಕ್ಸರಿನ ಭಾಂಡೆ, ತುಕ್ಕು ಹಿಡದ ಇಸ್ತ್ರಿ, ನಡುವ ಕರೇ ಡಬ್ಬಿ.
ನಾಕನೂರಾ ಐವತ್ತು ಅಂದ ರಾಜೇಸಾಬ.
ಚೌಕಾಶಿ ಮಾಡಾಕ ಬಾಯಿ ಬರಲಿಲ್ಲ,
ಐದನೂರು ಕೊಟ್ಟು ಚಿಲ್ಲರ ಮರತು ಬಂದೆ.

ಮಂದಾಕಿನಿ ನಿಪ್ಪಾಣಿಯಿಂದ ಬಂದಿದ್ದಳು
ಹಲ್ಲಿನ ಡಾಕ್ಟರಿಗೆ ತೋರಸಾಕ,
ಇಂಜೆಕ್ಷನ್ನಿಗೆ ಅರ್ಧ ಗಲ್ಲ ಜೋಮು ಹಿಡದಿತ್ತು.
ಹೊಸಾ ಟೀವಿಗೆ ಹಳೇ ವಾಯರು ಕೂಡಸಾಕ ಒಂದು ತಾಸು.
ಬೆನ್ನು ತಿರುವಿಕೊಂಡ ಅಂದೆ:
‘ಅವತ್ತ ಇದನ್ನ ತಗೋಬೇಕಿತ್ತು ನೋಡು, ಮಂದಾ.’

‘ಇದ್ಯಾವುದೋ? ನನಗ ನೆನಪ ಇಲ್ಲ,’
ವಾರೆ ಬಾಯಿಲೆ ತೊದಲಿದಳು ಅಕ್ಕ.
‘ನನಗ ನೆನಪಿದ್ದದ್ದು ಆ ಎರಡನೇ ಜಾಯ್‌ಸ್ಟಿಕ್.
ಅದಕ್ಕ ಸ್ಟಾರ್ಟ್ ಬಟನ್ನ ಇರಲಿಲ್ಲ.
ಆರು ವರ್ಷ ನಿನ್ನ ಮಾರಿ ನೋಡಕೋತ ಕುಂತೆ,
ನೀ ಶುರು ಮಾಡಿದರ ಶುರು,
ನೀ ಉಣ್ಣಾಕ ಎದ್ದರ ಮುಗೀತು.’

ಮೂವತ್ತು ವರ್ಷ ಆ ಡಬ್ಬಿ
ತಲ್ಯಾಗ ತಿರುವಿ ತಿರುವಿ ನೋಡೇನಿ,
ಬಣ್ಣ, ಬಂದೂಕು, ಲಕ್ಷದ ಸುಳ್ಳು ಎಲ್ಲಾ.
ಎರಡನೇ ಜಾಯ್‌ಸ್ಟಿಕ್ ಮಾತ್ರ
ಒಮ್ಮೆನೂ ಕೈಯಾಗ ಹಿಡದಿರಲಿಲ್ಲ.

ಗುಂಯ್ ಅಂತು ಟೀವಿ. ಗುಡ್ಡದ ಹಿಂದ ಗುಡ್ಡ
ಹಂಗ ಐತಿ. ಇಷ್ಟ ಸಣ್ಣದಿತ್ತೇನು?
ಇಬ್ಬರ ಕೈಯಾಗೂ ಒಂದೊಂದು.
ನಂದು ಇನ್ನೇನು ಕಂದಕ ದಾಟಬೇಕು,
ಎರಡೂ ಕಾಲು ನೆಲಾ ಬಿಟ್ಟಾವು,
ಮಂದಾ ಟಕ್ ಅಂತ ತನ್ನ ಸ್ಟಾರ್ಟ್ ಒತ್ತಿದಳು.

ನಿಂತಬಿಡತು ಎಲ್ಲಾ.
ನೀರು ಹರಿಯೂದು, ಮೋಡ ಸರಿಯೂದು,
ಗಾಳ್ಯಾಗ ನಾನು.

‘ತಡಿ,’ ಅಂದಳು, ‘ಚಾ ಆರತೈತಿ,’
ಮತ್ತ ಜೋಮು ಹಿಡದ ಗಲ್ಲ ಸವರಿಕೋತ
ಭಾಳ ಸಾವಕಾಶ
ಕುಡಿಯಾಕ ಹತ್ತಿದಳು.